ಯಾರೂ ಇಡದ ಮದ್ದು

ಮಳವಳ್ಳಿ, ಮದ್ದೂರು ಕಡೆಯ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಊಟ ಸೇರದೆ, ತಿಂದದ್ದನ್ನೆಲ್ಲ ಕಕ್ಕಿಕೊಂಡು ಕಡ್ಡಿಯಂತಾದವರನ್ನು ಕಂಡರೆ ಹಿರಿಯರು ಈಗಲೂ ದನಿ ತಗ್ಗಿಸಿ ಹೇಳುವ ಮಾತೊಂದಿದೆ: 'ಯಾರೋ ಮದ್ದು ಇಟ್ಟವ್ರೆ ಕಣವ್ವ.' ಬಾಳೆಹಣ್ಣಿನಲ್ಲೋ ಅನ್ನದಲ್ಲೋ ಬೆರೆಸಿ ತಿನ್ನಿಸಿದ ಮದ್ದು ಹೊಟ್ಟೆಯಲ್ಲಿ ಕೂತು, ಕೂದಲು ಬೆಳೆಸಿಕೊಂಡು, ಮನುಷ್ಯನನ್ನು ಒಳಗಿಂದಲೇ ಸವೆಸುತ್ತದೆ ಎಂಬ ನಂಬಿಕೆ ಅದು. ಅದನ್ನು ತೆಗೆಯುವವರೂ ಇದ್ದಾರೆ. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಾರೆ, ಒಂದು ಗಂಟನ್ನು ಎಲೆಯ ಮೇಲೆ ಹಾಕಿ ತೋರಿಸುತ್ತಾರೆ. ಮನೆಗೆ ಬಂದ ಮೇಲೆ ಇನ್ನೊಂದು ಕಾಯಿಲೆ ಶುರುವಾಗುತ್ತದೆ. ಇಟ್ಟವರು ಯಾರು? ಓರಗಿತ್ತಿಯೇ, ನಾದಿನಿಯೇ, ಪಕ್ಕದ ಮನೆಯವಳೇ? ಎಷ್ಟೋ ಮನೆಗಳ ನಡುವೆ ಮಾತು ನಿಂತುಹೋಗಿರುವುದು ಇಂಥ ಗಂಟುಗಳಿಂದಲೇ.

ಹೊಟ್ಟೆಯೊಳಗೆ ಗಂಟು ಕಟ್ಟುವುದು ಸುಳ್ಳಲ್ಲ. ಕೂದಲಿನ ಗಂಟು ಕಟ್ಟುವುದೂ ಸುಳ್ಳಲ್ಲ. ವೈದ್ಯರು ಅದನ್ನು ಬೆಜೋರ್ ಎನ್ನುತ್ತಾರೆ. ಸುಳ್ಳಾಗಿರುವುದು, ಅದನ್ನು ಯಾರೋ ಇಟ್ಟರು ಎಂಬ ಮಾತು ಮಾತ್ರ.

ಬೆಜೋರ್ ಎಂಬ ಹೆಸರಿನ ಕತೆಯೂ ನಮ್ಮ 'ಮದ್ದು' ಎಂಬ ಪದದ ಕತೆಯ ಹಾಗೆಯೇ ಇದೆ. ಕನ್ನಡದಲ್ಲಿ ಔಷಧಿಯೂ ಮದ್ದು, ಕದ್ದು ತಿನ್ನಿಸುವ ವಿಷವೂ ಮದ್ದು. ಬೆಜೋರ್‌ನ ಮೂಲ ಪಾರ್ಸಿಯ 'ಪಾದ್‌ಜಹರ್', ಅಂದರೆ ವಿಷದಿಂದ ಕಾಯುವುದು. ಕಾಡುಮೇಕೆಗಳ ಹೊಟ್ಟೆಯಲ್ಲಿ ಸಿಗುತ್ತಿದ್ದ ನುಣುಪಾದ ಉಂಡೆಗಳನ್ನು ವಿಷಕ್ಕೆ ಮದ್ದೆಂದು ರಾಜರು ಚಿನ್ನದ ಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಿದ್ದರು. ಬೇಡಿಕೆ ಎಷ್ಟಿತ್ತೆಂದರೆ, 17ನೇ ಶತಮಾನದಲ್ಲಿ ಗೋವೆಯ ಜೆಸ್ಯೂಟ್ ಪಾದ್ರಿಗಳು ಅದರ ಬದಲಿಗೆ ಕೃತಕ ಉಂಡೆಗಳನ್ನೇ ತಯಾರಿಸಿ ಯುರೋಪಿಗೆ ಕಳಿಸಿದರು. ಅವಕ್ಕೆ 'ಗೋವಾ ಕಲ್ಲು' ಎಂದೇ ಹೆಸರಾಯಿತು. ಅದಕ್ಕೂ ಮೊದಲೇ, 16ನೇ ಶತಮಾನದಲ್ಲಿ, ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ ಈ ನಂಬಿಕೆಯನ್ನು ಒರೆಗೆ ಹಚ್ಚಿದ್ದ. ಬೆಳ್ಳಿ ತಟ್ಟೆ ಕದ್ದು ಗಲ್ಲಿಗೆ ಹೋಗಬೇಕಿದ್ದ ಅಡುಗೆಯವನೊಬ್ಬ ವಿಷ ಕುಡಿದು, ಮೇಲೆ ಬೆಜೋರ್ ನುಂಗಲು ಒಪ್ಪಿದ. ಬದುಕಿದರೆ ಬಿಡುಗಡೆ ಎಂದು ಮಾತಾಗಿತ್ತು. ಆ ಬಡಪಾಯಿ ಕೆಲವೇ ಗಂಟೆಗಳಲ್ಲಿ ನರಳಿ ಸತ್ತ. ಕಲ್ಲು ಯಾವ ವಿಷವನ್ನೂ ಹೀರಲಿಲ್ಲ.

ಮಂಡ್ಯ ಸೀಮೆಯ ಕುರಿ ಕಾಯುವವರಿಗೆ ಈ ಉಂಡೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಹೆಸರಿನ ಕುರಿ ತಳಿಗೆ ನಾಡಿನಲ್ಲೆಲ್ಲ ಹೆಸರುವಾಸಿ. ಮೇವಿನಲ್ಲಿ ಖನಿಜ ಕಡಿಮೆಯಾದಾಗ ಮರಿಗಳು ತಾಯಿಯ ಮೈಯ ಉಣ್ಣೆಯನ್ನೇ ಕಿತ್ತು ತಿನ್ನುತ್ತವೆ. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿ, ಮರಿ ಹೊಟ್ಟೆ ಉಬ್ಬಿಸಿಕೊಂಡು ಮೇವು ಬಿಡುತ್ತದೆ. ಕುರಿಯ ಹೊಟ್ಟೆಯಲ್ಲಿ ಉಣ್ಣೆ ಸಿಕ್ಕಾಗ 'ಮದ್ದು ಇಟ್ಟವ್ರೆ' ಎಂದು ಯಾರೂ ಹೇಳುವುದಿಲ್ಲ. ಉಣ್ಣೆ ತಿಂದಿದೆ, ಅಷ್ಟೇ. ಮನುಷ್ಯರ ವಿಷಯದಲ್ಲೂ ವಿವರಣೆ ಬಹುಮಟ್ಟಿಗೆ ಅಷ್ಟೇ ಸರಳ.

ಗಂಟು ಕರುಳನ್ನು ಹೇಗೆ ಕಟ್ಟುತ್ತದೆ ಎಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಪುಸ್ತಕದಿಂದಲ್ಲ, ಮಳವಳ್ಳಿ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನ ತೂಬಿನ ಬಳಿ. ನೀರುಗಂಟಿಯೊಬ್ಬರು ಸೊಂಟದ ಮಟ್ಟದ ನೀರಿಗಿಳಿದು ತೂಬಿನ ಬಾಯಿಂದ ಕಸ ಎಳೆಯುತ್ತಿದ್ದರು. ಜೊಂಡು, ಕಬ್ಬಿನ ತರಗು, ಪ್ಲಾಸ್ಟಿಕ್ ಚೀಲ, ತೆಂಗಿನ ನಾರು, ಎಲ್ಲವೂ ಹಗ್ಗದಂತೆ ಹೊಸೆದುಕೊಂಡಿದ್ದವು. ನಡುವೆ ಒಂದು ಹಳೆ ಸೀರೆಯ ತುಂಡು. 'ಮೊದ್ಲು ಈ ಬಟ್ಟೆ ಸಿಕ್ಕಾಕ್ಕೊಂಡದೆ ಸ್ವಾಮಿ, ಮಿಕ್ಕಿದ್ದೆಲ್ಲ ಬಂದು ಬಂದು ಇದಕ್ಕೇ ಸುತ್ಕೊಂಡದೆ' ಎಂದರು. ತೂಬಿನ ಹಿಂದೆ ನೀರು ಏರಿಯ ಅಂಚಿಗೆ ಬಂದಿತ್ತು. ಮುಂದೆ ಕಾಲುವೆಯ ತಳದ ಕೆಸರು ಕಾಣುತ್ತಿತ್ತು. 'ಇನ್ನೊಂದು ರಾತ್ರಿ ಬಿಟ್ಟಿದ್ರೆ ಏರಿ ಒಡ್ದೋಗದು.'

ಕರುಳು ಕಟ್ಟಿಕೊಂಡವರ ಹೊಟ್ಟೆ ತೆರೆದಾಗ ಶಸ್ತ್ರವೈದ್ಯರ ಕಣ್ಣಿಗೆ ಬೀಳುವುದೂ ಇದೇ. ಗಂಟಿನ ಹಿಂದಿನ ಕರುಳು ಉಬ್ಬಿ ಬಿಗಿದಿರುತ್ತದೆ, ಮುಂದಿನದು ಚಪ್ಪಟೆಯಾಗಿ ಬಿದ್ದಿರುತ್ತದೆ. ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ದಿನಕ್ಕೆ ಏಳೆಂಟು ಲೀಟರ್ ದ್ರವ ನಮ್ಮ ಕರುಳಿಗೆ ಇಳಿಯುತ್ತದೆ. ಅದರಲ್ಲಿ ಬಹುಪಾಲನ್ನು ಮೈ ಮತ್ತೆ ಹೀರಿಕೊಳ್ಳುತ್ತದೆ. ದಾರಿ ಕಟ್ಟಿದರೆ ಆ ದ್ರವ ಕರುಳಿನಲ್ಲೇ ನಿಂತು ಮೈ ಒಣಗುತ್ತದೆ. ಕರುಳು ಗಂಟನ್ನು ತಳ್ಳಲು ಹಿಂಡಿದಾಗಲೆಲ್ಲ ನೋವು ಏರುತ್ತದೆ, ಸುಸ್ತಾಗಿ ನಿಂತಾಗ ಇಳಿಯುತ್ತದೆ. ಬಿಟ್ಟು ಬಿಟ್ಟು ಬರುವ ಆ ನೋವು, ವಾಂತಿ, ಉಬ್ಬಿದ ಹೊಟ್ಟೆ, ಮಲವೂ ಗ್ಯಾಸೂ ಹೋಗದಿರುವುದು: ಈ ನಾಲ್ಕು ಸೇರಿದರೆ ಅದು ಬರೀ ಗ್ಯಾಸ್ಟ್ರಿಕ್ ಅಲ್ಲ. ವಾಂತಿ ಮೊದಲು ಊಟದ್ದು, ಆಮೇಲೆ ಹಸಿರು ಪಿತ್ತದ್ದು, ಕಡೆಗೆ ಕಂದು ಬಣ್ಣದ, ನಾರುವ ನೀರು. ಮೊದಲ ದಿನ ಒಂದು ಸಲ ಮಲ ಹೋಯಿತೆಂದು ಸಮಾಧಾನಪಡುವಂತಿಲ್ಲ. ಅದು ಗಂಟಿನ ಮುಂದೆ ಮೊದಲೇ ಇದ್ದದ್ದು, ತೂಬು ಕಟ್ಟಿದ ಮೇಲೂ ಕೆಳಗಿನ ಕಾಲುವೆಯಲ್ಲಿ ಸ್ವಲ್ಪ ಹೊತ್ತು ನೀರು ಹರಿಯುವ ಹಾಗೆ.

ಇಂಥ ಹೊತ್ತಿನಲ್ಲಿ ನಮ್ಮ ಕಡೆ 'ಬಟ್ಟಿ ಬಿದ್ದದೆ' ಎಂದು ಹೊಟ್ಟೆ ನೀವಿಸುತ್ತಾರೆ, ಹರಳೆಣ್ಣೆ ಕುಡಿಸುತ್ತಾರೆ. ಎರಡನ್ನೂ ಮಾಡಬೇಡಿ. ಮುಂದೆ ದಾರಿಯೇ ಇಲ್ಲದಾಗ ಭೇದಿ ಮಾಡಿಸುವುದೆಂದರೆ ಕಟ್ಟಿದ ತೂಬಿಗೆ ಇನ್ನಷ್ಟು ನೀರು ಬಿಟ್ಟಂತೆ. ಬಾಯಿಗೆ ಏನೂ ಕೊಡದೆ 108ಕ್ಕೆ ಫೋನ್ ಮಾಡಿ, ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕು. ಶಿವನಸಮುದ್ರದ ಸುತ್ತಲಿನವರಿಗೆ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆ ಮೊದಲ ನಿಲ್ದಾಣ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೋ ಮೈಸೂರಿನ ಕೆ.ಆರ್. ಆಸ್ಪತ್ರೆಯೋ ಅದರ ಮುಂದಿನದು.

ಗಂಟಾಗುವುದು ಏತರಿಂದ? ನಾರು, ಬೀಜ, ಸಿಪ್ಪೆಯಿಂದ ಆಗುವುದು ಹೆಚ್ಚು. ಆದರೆ ಇವನ್ನು ದಿನವೂ ತಿನ್ನುವ ನಮ್ಮೆಲ್ಲರಿಗೂ ಯಾಕೆ ಆಗುವುದಿಲ್ಲ? ಉತ್ತರ ಜಠರದ ಕೆಳಬಾಗಿಲಿನಲ್ಲಿದೆ. ಶಿವನಸಮುದ್ರದ ಬ್ಲಫ್‌ಗೆ ಹೋದವರು ಗುಡ್ಡದ ನೆತ್ತಿಯಿಂದ ಕಣಿವೆಗೆ ಇಳಿಯುವ ದಪ್ಪ ಪೈಪುಗಳನ್ನು ನೋಡಿರುತ್ತಾರೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹೋದದ್ದು. ಜಲವಿದ್ಯುತ್ ಕೇಂದ್ರ ಎಂದ ಮೇಲೆ ಪೈಪಿನ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ ಇರಲೇಬೇಕು. ನದಿಯ ಕಸ ಟರ್ಬೈನಿಗೆ ಸಿಕ್ಕಬಾರದಲ್ಲ. ಜಠರವೂ ಹಾಗೆಯೇ. ಊಟವನ್ನು ಅರೆದು ಅರೆದು, ಒಂದೆರಡು ಮಿಲಿಮೀಟರ್‌ಗಿಂತ ಸಣ್ಣದಾದ ಮೇಲೆಯೇ ಕೆಳಬಾಗಿಲಿನಿಂದ ಕರುಳಿಗೆ ಬಿಡುತ್ತದೆ. ಅರೆಯಲಾಗದೆ ಉಳಿದದ್ದನ್ನು ಹೊಟ್ಟೆ ಖಾಲಿಯಿದ್ದಾಗ ದೊಡ್ಡ ಅಲೆಯೊಂದು ಗುಡಿಸಿ ಹಾಕುತ್ತದೆ. ಅರೆಯುವುದೋ ಗುಡಿಸುವುದೋ ಕೆಟ್ಟರೆ, ಇಲ್ಲವೇ ಜಾಲರಿಯೇ ಇಲ್ಲದಂತಾದರೆ, ಗಂಟು ಕಟ್ಟುತ್ತದೆ.

ಜಾಲರಿ ಇಲ್ಲದವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಊರ ಅರಳಿಕಟ್ಟೆಯ ಮೇಲೆ ಕೂತ ಅಜ್ಜಂದಿರಲ್ಲಿ ಕೆಲವರ ಎದೆಗೂಡಿನ ಕೆಳಗಿನಿಂದ ಹೊಕ್ಕುಳವರೆಗೆ ಹೊಲಿಗೆಯ ಉದ್ದ ಗುರುತು ಕಾಣುತ್ತದೆ. ಕೇಳಿದರೆ 'ಅಲ್ಸರ್ ಆಪರೇಷನ್' ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಡುವೊಡಿನಂ, ಅಂದರೆ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು ಹಿಂದೆ ಬಹಳ ಇತ್ತು. ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ ಎಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದಲ್ಲಿ ತೋರಿಸಿಕೊಟ್ಟರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಮಾತ್ರೆಯಲ್ಲೇ ಹುಣ್ಣು ವಾಸಿಯಾಗುವ ಕಾಲ ಬರುವ ಮುನ್ನ ಆಮ್ಲ ತಗ್ಗಿಸಲು ಜಠರದ ನರ ಕತ್ತರಿಸಿ, ಜಠರವನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಿದ್ದರು. ಅದು ಆ ಕಾಲಕ್ಕೆ ಜೀವ ಉಳಿಸಿದ ಆಪರೇಷನ್. ಆದರೆ ಅದರಿಂದ ಕೆಳಬಾಗಿಲನ್ನು ತಪ್ಪಿಸಿ ಹೋಗುವ ಹೊಸ ದಾರಿಯಾಯಿತು, ಆಮ್ಲ ಕಡಿಮೆಯಾಯಿತು, ಅರೆಯುವ ಬಲವೂ ಕುಂದಿತು. ಇಪ್ಪತ್ತು ಮೂವತ್ತು ವರ್ಷ ಕಳೆದು ಹಲ್ಲೂ ಉದುರಿದ ಮೇಲೆ ಅದೇ ಅಜ್ಜ ಹಲಸಿನ ತೊಳೆಯನ್ನೋ ಕಿತ್ತಳೆಯ ತೊಳೆಯನ್ನೋ ಒಣಕೊಬ್ಬರಿಯನ್ನೋ ಅಗಿಯದೆ ನುಂಗುತ್ತಾನೆ. ಅದು ಹಾಗೆಯೇ ಕರುಳಿಗೆ ಇಳಿಯುತ್ತದೆ. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಜಠರ ಜಡವಾದವರಿಗೂ ಇದೇ ಅಪಾಯ.

ರಾಗಿ ಮುದ್ದೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಮಂಡ್ಯದಲ್ಲಿ ಇದನ್ನು ಓದುವವರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು: ಅಗಿಯದೆ ನುಂಗುವ ಮುದ್ದೆ ಗಂಟಾಗದೇ? ಮುದ್ದೆ ಬೆಂದ ಹಿಟ್ಟು. ಜೀರ್ಣರಸಕ್ಕೆ ಸಲೀಸಾಗಿ ಕರಗುತ್ತದೆ. ಅದರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ನೋಡಿಕೊಳ್ಳಬೇಕಾದದ್ದು ಮುದ್ದೆಯ ಜೊತೆಗೆ ಜಾರಿ ಹೋಗುವುದನ್ನು: ನುಗ್ಗೆಕಾಯಿಯ ನಾರು, ಬಲಿತ ಸೊಪ್ಪಿನ ದಂಟು, ಇಡೀ ಹಲಸಿನ ಬೀಜ. ಹಲ್ಲಿಲ್ಲದವರಿಗೆ, ಅಲ್ಸರ್ ಆಪರೇಷನ್ ಆದವರಿಗೆ ಸಾರನ್ನು ಬಸಿದು ಬಡಿಸಿದರೆ ಸಾಕು. ಮಲಬದ್ಧತೆಗೆಂದು ಇಸಬ್‌ಗೋಲ್ ತೆಗೆದುಕೊಳ್ಳುವವರು ಅದನ್ನು ಒಂದು ಗುಟುಕು ನೀರಿನಲ್ಲಿ ನುಂಗಬಾರದು. ತುಂಬಿದ ಲೋಟ ಬೇಕು, ಇಲ್ಲದಿದ್ದರೆ ಅದೇ ಊದಿ ಗಂಟಾಗಬಲ್ಲದು.

ಎಲ್ಲ ಹಣ್ಣುಗಳಲ್ಲಿ ಅತಿ ಗಟ್ಟಿ ಗಂಟು ಕಟ್ಟುವುದು ಪರ್ಸಿಮನ್. ಬೆಂಗಳೂರಿನ ಹಣ್ಣಿನಂಗಡಿಗಳಲ್ಲಿ ಈಗ ಟೊಮೆಟೊದಂತೆ ಕಾಣುವ ಈ ಹಣ್ಣು ಸಿಗುತ್ತದೆ. ನಮ್ಮ ಕಾಡಿನ, ಬೀಡಿ ಎಲೆಯ ತೂಪ್ರದ ಮರವೂ ಅದೇ ಕುಲದ್ದು. ಸರಿಯಾಗಿ ಹಣ್ಣಾಗದ ಪರ್ಸಿಮನ್‌ನ ಒಗರು ಜಠರದ ಆಮ್ಲಕ್ಕೆ ಸೇರಿದರೆ ಅಂಟಾಗಿ, ನಾರನ್ನೆಲ್ಲ ಬೆಸೆದು ಕಲ್ಲಿನಂತೆ ಮಾಡುತ್ತದೆ.

ಕೂದಲಿನ ಗಂಟು ಬೇರೆಯದೇ ಕತೆ. ಅಲ್ಲಿ ಜಠರದಲ್ಲಿ ದೋಷವಿಲ್ಲ. ಹೆಚ್ಚಾಗಿ ಹೆಣ್ಣುಮಕ್ಕಳು, ಹರೆಯದ ಆಸುಪಾಸಿನವರು, ತಮ್ಮ ಕೂದಲನ್ನು ತಾವೇ ಕಿತ್ತು, ಯಾರಿಗೂ ಕಾಣದಂತೆ ನುಂಗುತ್ತಾರೆ. ಕೂದಲು ಜೀರ್ಣವಾಗದು. ನುಣುಪಾದ್ದರಿಂದ ಜಠರದ ಹಿಂಡುವಿಕೆಗೂ ಸಿಗದೆ ಅದರ ಮಡಿಕೆಗಳಲ್ಲಿ ಉಳಿದು, ಒಂದಕ್ಕೊಂದು ಹೆಣೆದುಕೊಂಡು, ಊಟದ ಜಿಡ್ಡನ್ನು ಹಿಡಿದು, ಕೊನೆಗೆ ಜಠರದ್ದೇ ಅಚ್ಚು ಹೊಯ್ದಂಥ ಗಂಟಾಗುತ್ತದೆ. ಕೂದಲಿನ ಬಣ್ಣ ಯಾವುದೇ ಇರಲಿ, ಆಮ್ಲದಲ್ಲಿ ಅದು ಕಪ್ಪಾಗುತ್ತದೆ. ಬಾಯಿಂದ ಕೆಟ್ಟ ವಾಸನೆ ಬರುತ್ತದೆ. ಗಂಟಿನಿಂದ ಜಡೆಯಂತೆ ಬಾಲವೊಂದು ಸಣ್ಣ ಕರುಳಿಗೆ ಇಳಿದರೆ ಅದಕ್ಕೆ ರಪುಂಜೆಲ್ ಸಿಂಡ್ರೋಮ್ ಎನ್ನುತ್ತಾರೆ. ಗೋಪುರದಿಂದ ಜಡೆ ಇಳಿಬಿಟ್ಟ ಜರ್ಮನ್ ಕತೆಯ ಹುಡುಗಿಯ ಹೆಸರನ್ನು 1968ರಲ್ಲಿ ವೈದ್ಯರು ಈ ಕಾಯಿಲೆಗೆ ಇಟ್ಟರು.

2024ರಲ್ಲಿ ಬೆಂಗಳೂರಿನ ಆಸ್ಟರ್ ಮಕ್ಕಳ ಮತ್ತು ಮಹಿಳೆಯರ ಆಸ್ಪತ್ರೆಯಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳ ಜಠರದಿಂದ ಇಂಥ ಗಂಟನ್ನು ತೆಗೆದರು. ಎರಡು ವರ್ಷ ಆ ಮಗುವಿಗೆ ಹಸಿವಿರಲಿಲ್ಲ, ವಾಂತಿಯಾಗುತ್ತಿತ್ತು. ಹಲವು ವೈದ್ಯರಿಗೆ ತೋರಿಸಿ, ಗ್ಯಾಸ್ಟ್ರಿಕ್ ಎಂದು ಔಷಧಿಯನ್ನೂ ಕೊಡಿಸಿದ್ದರು. ನನ್ನನ್ನು ಕಾಡುವುದು ಆ ಎರಡು ವರ್ಷ. ಮಗು ಕೂದಲು ತಿನ್ನುವುದು ತಾನಾಗಿ ಹೇಳುವ ವಿಷಯವಲ್ಲ. ಒಮ್ಮೆ ಸಿಕ್ಕಿಬಿದ್ದು ಬೈಸಿಕೊಂಡಿದ್ದರೆ ಇನ್ನಷ್ಟು ಮುಚ್ಚಿಡುತ್ತದೆ. ಆದ್ದರಿಂದ ಕೇಳಬೇಕು, ಮತ್ತು ಕೇಳುವ ದನಿಯಲ್ಲಿ ಬೈಗುಳದ ಸುಳಿವೂ ಇರಬಾರದು. ತಲೆಯಲ್ಲಿ ಅಲ್ಲಲ್ಲಿ ಬೋಳಾಗಿದೆಯೇ, ಹುಬ್ಬು ತೆಳ್ಳಗಾಗಿದೆಯೇ, ದಿಂಬಿನ ಮೇಲೆ ಕೂದಲು ಬೀಳುತ್ತದೆಯೇ ಎಂಬುದನ್ನು ತಾಯಿ ಮೊದಲು ಕಾಣಬಲ್ಲಳು. ಎದೆಗೂಡಿನ ಕೆಳಗೆ ಎಡಕ್ಕೆ ಕೈಗೆ ಗಟ್ಟಿಯಾಗಿ ತಾಗುವ ಗಂಟನ್ನು ವೈದ್ಯರು ಕಾಣಬಲ್ಲರು. ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನುವ ಚಟವೂ ಇದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಕೊರತೆಗೂ ಇಂಥ ಚಟಕ್ಕೂ ನಂಟಿದೆ, ಮತ್ತು ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ತೀರಾ ಸಾಮಾನ್ಯ.

ಕಾಯಿಲೆ ಮನಸ್ಸಿನದ್ದಾದಾಗ ಹೊಟ್ಟೆ ಏನೆಲ್ಲ ಹೊರಬೇಕಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆಯೂ ಕರ್ನಾಟಕದ್ದೇ. 2022ರ ನವೆಂಬರ್‌ನಲ್ಲಿ ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯ ವೈದ್ಯರು ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದ ಒಬ್ಬರ ಜಠರದಿಂದ 187 ನಾಣ್ಯ ತೆಗೆದರು. ಅವು ಒಂದು, ಎರಡು, ಐದು ರೂಪಾಯಿಯ ನಾಣ್ಯಗಳು, ಒಟ್ಟು 462 ರೂಪಾಯಿ. ನಾಣ್ಯ ಬೆಜೋರ್ ಅಲ್ಲ, ನಿಜ. ಆದರೆ ಅಲ್ಲಿಯೂ ರೋಗಿ ನುಂಗುತ್ತಿದ್ದದ್ದು ಮನೆಯವರಿಗೆ ಗೊತ್ತಾಗಿರಲಿಲ್ಲ.

ಇನ್ನು ಪತ್ತೆ ಮತ್ತು ಚಿಕಿತ್ಸೆ. ಕರುಳು ಕಟ್ಟಿದೆಯೇ ಎಂಬುದನ್ನು ನಿಂತು ತೆಗೆಸುವ ಎಕ್ಸ್‌ರೇ ಬಹಳಷ್ಟು ಸಲ ಹೇಳಿಬಿಡುತ್ತದೆ: ಉಬ್ಬಿದ ಕರುಳು, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತ ನೀರು, ಮೇಲೆ ಗಾಳಿ. ಯಾವುದರಿಂದ ಕಟ್ಟಿದೆ ಎಂಬುದನ್ನು ಅದು ಹೇಳುವುದು ಅಪರೂಪ. ನಮ್ಮಲ್ಲಿ ಕರುಳು ಕಟ್ಟಲು ಹಳೆಯ ಆಪರೇಷನ್ನಿನಿಂದ ಕರುಳು ಒಂದಕ್ಕೊಂದು ಹತ್ತಿಕೊಳ್ಳುವ ಅಂಟು, ಹರ್ನಿಯಾ, ಕರುಳಿನ ಕ್ಷಯ ಇವೇ ಹೆಚ್ಚಾಗಿ ಕಾರಣ. ಬೆಜೋರ್ ಪಾಲು ಬಹುತೇಕ ವರದಿಗಳಲ್ಲಿ ನೂರಕ್ಕೆ ನಾಲ್ಕನ್ನು ದಾಟುವುದಿಲ್ಲ. ಮೋಸ ಹೋಗುವುದು ಇಲ್ಲಿಯೇ. ಹೊಟ್ಟೆಯ ಮೇಲಿನ ಹಳೆಯ ಗುರುತು ನೋಡಿ 'ಅಂಟಿರಬೇಕು, ಎರಡು ದಿನ ಕಾಯೋಣ' ಎನ್ನುವುದು ಸಹಜ. ಅಂಟಿನಿಂದ ಕಟ್ಟಿದ್ದು ಎಷ್ಟೋ ಸಲ ಆಪರೇಷನ್ ಇಲ್ಲದೆ ಬಿಡುತ್ತದೆ. ಗಟ್ಟಿ ಗಂಟು ಹಾಗೆ ಬಿಡುವುದು ಕಡಿಮೆ. ಅದಕ್ಕೇ ಸಿ.ಟಿ. ಸ್ಕ್ಯಾನ್ ಬೇಕು. ಅದರಲ್ಲಿ ಉಬ್ಬಿದ ಕರುಳು ಮತ್ತು ಬತ್ತಿದ ಕರುಳು ಕೂಡುವ ಜಾಗದಲ್ಲಿ ಮೊಟ್ಟೆಯಾಕಾರದ ಗಂಟು, ಅದರೊಳಗೆ ಸ್ಪಂಜಿನಲ್ಲಿ ಇರುವಂಥ ಗಾಳಿಯ ಗುಳ್ಳೆಗಳು ಕಾಣುತ್ತವೆ. ಸಾಮಾನ್ಯವಾಗಿ ಆ ಜಾಗ ಸಣ್ಣ ಕರುಳಿನ ಕೊನೆಯ ಭಾಗ. ಆರು ಮೀಟರ್ ದಾರಿಯಲ್ಲಿ ಅತಿ ಕಿರಿದಾದದ್ದು ಅದೇ. ನಾಲೆಯ ಕೊನೆ ಭಾಗದ ಕಷ್ಟ ಮದ್ದೂರು, ಮಳವಳ್ಳಿಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೂ ಸ್ಕ್ಯಾನಿಗಿಂತ ಮೊದಲಿನ ಪ್ರಶ್ನೆಗಳು ಮುಖ್ಯ ಎಂದು ನಾನು ನಂಬುತ್ತೇನೆ. ಅಲ್ಸರ್ ಆಪರೇಷನ್ ಆಗಿತ್ತೇ, ಹಲ್ಲು ಎಷ್ಟಿವೆ, ಮೊನ್ನೆ ಏನು ತಿಂದಿರಿ, ಕೂದಲು ಬಾಯಿಗೆ ಹಾಕುತ್ತೀಯಾ ಕಂದ? ಇಂಥ ಸಂಗತಿ ತಿಳಿದು ನೋಡುವ ಕಣ್ಣಿಗೆ, ಸ್ಕ್ಯಾನಿನಲ್ಲಿ ಮಲದಂತೆ ತೋರುವ ಆ ಗಂಟು ಗಂಟಾಗಿಯೇ ಕಾಣುತ್ತದೆ.

ಚಿಕಿತ್ಸೆ ಶುರುವಾಗುವುದು ಮೂಗಿನಿಂದ ಜಠರಕ್ಕೆ ಇಳಿಸುವ ಕೊಳವೆಯಿಂದ ಮತ್ತು ಕೈಗೆ ಹಾಕುವ ಡ್ರಿಪ್‌ನಿಂದ. ಮೇಲೆ ಕಟ್ಟಿದ್ದನ್ನು ಹೊರಗೆಳೆಯಬೇಕು, ಮೈ ಕಳೆದುಕೊಂಡ ನೀರು, ಉಪ್ಪು, ಪೊಟ್ಯಾಸಿಯಂ ತುಂಬಬೇಕು. ಗಂಟು ಇನ್ನೂ ಜಠರದಲ್ಲೇ ಇದ್ದು, ಅದು ನಾರಿನದಾಗಿದ್ದರೆ ಕೋಕಾ-ಕೋಲಾ ಕೊಟ್ಟು ಕರಗಿಸುವ ಕ್ರಮವೂ ಇದೆ. ಗ್ರೀಸಿನ ವೈದ್ಯರು 2002ರಲ್ಲಿ ಇದನ್ನು ವರದಿ ಮಾಡಿದ ಮೇಲೆ ಹಲವು ದೇಶಗಳಲ್ಲಿ ಬಳಸಿದ್ದಾರೆ. ಅದರಲ್ಲಿನ ಆಮ್ಲ ಮತ್ತು ಗ್ಯಾಸಿನ ಗುಳ್ಳೆಗಳು ನಾರಿನೊಳಗೆ ಇಳಿದು ಗಂಟನ್ನು ಸಡಿಲಿಸುತ್ತವೆ. ಸುಮಾರು ಅರ್ಧದಷ್ಟು ಜನರಿಗೆ ಅಷ್ಟೇ ಸಾಕಾಗಿದೆ. ಉಳಿದವರಲ್ಲಿ ಹೆಚ್ಚಿನವರಿಗೆ ಎಂಡೋಸ್ಕೋಪಿಯಿಂದ ಗಂಟನ್ನು ತುಂಡು ಮಾಡಿ ತೆಗೆದಿದ್ದಾರೆ. ಆದರೆ ಇದನ್ನು ಓದಿ ಯಾರೂ ಮನೆಯಲ್ಲಿ ಬಾಟಲಿ ತೆರೆಯಬಾರದು. ಅರ್ಧ ಕರಗಿದ ಗಂಟು ಜಠರದಿಂದ ಜಾರಿ ಕರುಳಿನಲ್ಲಿ ಸಿಕ್ಕಿಕೊಳ್ಳಬಲ್ಲದು. ಕರುಳು ಆಗಲೇ ಕಟ್ಟಿದ್ದರೆ ಒಂದು ಗುಟುಕು ನೀರೂ ಹೆಚ್ಚು. ಕೂದಲಿನ ಗಂಟಿಗಂತೂ ಇದು ನಾಟುವುದೇ ಇಲ್ಲ.

ಕರುಳಿನಲ್ಲಿ ಸಿಕ್ಕಿದ ಗಂಟಿಗೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ. ಶಸ್ತ್ರವೈದ್ಯರು ಮೊದಲು ಕರುಳನ್ನು ಕುಯ್ಯದೆ, ಹೊರಗಿನಿಂದಲೇ ಬೆರಳಲ್ಲಿ ಗಂಟನ್ನು ಹಿಸುಕಿ ಪುಡಿಮಾಡಿ, ಹಸುವಿನ ಹಾಲು ಕರೆಯುವ ಹಾಗೆ ನೀವುತ್ತಾ ನೀವುತ್ತಾ ದೊಡ್ಡ ಕರುಳಿಗೆ ದಾಟಿಸಲು ನೋಡುತ್ತಾರೆ. ಅಲ್ಲಿಗೆ ತಲುಪಿದರೆ ಅದು ಮಲದೊಂದಿಗೆ ಹೋಗುತ್ತದೆ. ಬಗ್ಗದಿದ್ದರೆ ಕರುಳಿನಲ್ಲಿ ಸಣ್ಣ ಗೀರು ಹಾಕಿ ಹೊರತೆಗೆದು ಹೊಲಿಯುತ್ತಾರೆ. ಆಮೇಲಿನ ಒಂದು ಕೆಲಸವನ್ನು ಮರೆಯುವಂತಿಲ್ಲ: ಇಡೀ ಕರುಳನ್ನು ಗೇಣು ಗೇಣಾಗಿ ಕೈಯಲ್ಲಿ ಸರಿಸುತ್ತ, ಜಠರವನ್ನೂ ತಡವಿ ನೋಡುವುದು. ಒಂದು ಗಂಟು ಇದ್ದಲ್ಲಿ ಎರಡನೆಯದು ಇರಬಹುದು. ಅದನ್ನು ಒಳಗೇ ಬಿಟ್ಟರೆ ಕೆಲವೇ ದಿನದಲ್ಲಿ ಮತ್ತೆ ಆಪರೇಷನ್ ಟೇಬಲ್. ಕೂದಲಿನ ದೊಡ್ಡ ಗಂಟನ್ನು ಜಠರ ತೆರೆದು ಇಡಿಯಾಗಿ, ಬಾಲ ತುಂಡಾಗದಂತೆ ಎಳೆಯುತ್ತಾರೆ. ತುಂಡಾದರೆ ಉಳಿದ ಜಡೆ ಕರುಳನ್ನು ಕಟ್ಟುತ್ತದೆ.

ಕೂದಲು ತೆಗೆದ ಮೇಲೆ ಮಗುವಿನ ಕೈ ಮತ್ತೆ ತಲೆಗೆ ಹೋಗುತ್ತದೆ. ಆ ಕೈಯನ್ನು ಗದರಿ ಇಳಿಸಿದರೆ ಅದು ಕತ್ತಲಲ್ಲಿ ಹೋಗುತ್ತದೆ. ಕೈ ಏಳುವ ಕ್ಷಣವನ್ನು ಮಗು ತಾನೇ ಗುರುತಿಸುವಂತೆ ಮಾಡಿ, ಆ ಹೊತ್ತಿಗೆ ಬೆರಳುಗಳಿಗೆ ಬೇರೆ ಕೆಲಸ ಕೊಡುವುದನ್ನು ಮನೋವೈದ್ಯರು ಕಲಿಸುತ್ತಾರೆ: ಮುಷ್ಟಿ ಬಿಗಿಯುವುದು, ದಾರ ಸುತ್ತುವುದು, ಹೂ ಕಟ್ಟುವುದು. ಜೊತೆಗೆ ಮನೆಯಲ್ಲೋ ಶಾಲೆಯಲ್ಲೋ ಅದನ್ನು ಕಾಡುತ್ತಿರುವುದೇನು ಎಂದು ಕೂತು ಕೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲಾಗದವರು 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ ಅದು, ಕರೆಗೆ ಹಣವಿಲ್ಲ.

ಕರುಳಿನ ಆಪರೇಷನ್ ಆದವರ ವಾರ್ಡಿನಲ್ಲಿ ಬೆಳಿಗ್ಗೆ ರೌಂಡ್ಸಿಗೆ ಬರುವ ವೈದ್ಯರು ಮಂಚದಿಂದ ಮಂಚಕ್ಕೆ ಒಂದೇ ಪ್ರಶ್ನೆ ಕೇಳುತ್ತಾರೆ. 'ಗ್ಯಾಸ್ ಹೋಯ್ತೇನಜ್ಜ?' ಅಷ್ಟು ಜನರ ಮುಂದೆ ಅದಕ್ಕೆ ಉತ್ತರ ಹೇಳಲು ಅಜ್ಜ ನಾಚುತ್ತಾನೆ, ಮುಖ ಗೋಡೆಗೆ ತಿರುಗಿಸುತ್ತಾನೆ. ಅಜ್ಜಿಗೆ ಆ ಸಂಕೋಚವಿಲ್ಲ. ರಾತ್ರಿಯಿಡೀ ಅದಕ್ಕೇ ಕಾದಿದ್ದಾಳೆ. 'ಬೆಳಗಿನ ಜಾವ ಹೋಯ್ತು ಸ್ವಾಮಿ, ಎರಡು ಸಲ' ಎನ್ನುತ್ತಾಳೆ. ಮೂಗಿನ ಕೊಳವೆ ತೆಗೆಯುತ್ತಾರೆ. ಮೊದಲು ಚಮಚದಲ್ಲಿ ನೀರು, ಮಧ್ಯಾಹ್ನಕ್ಕೆ ಎಳನೀರು, ಮಾರನೆಯ ದಿನ ಬಟ್ಟೆಯಲ್ಲಿ ಸೋಸಿದ ರಾಗಿ ಗಂಜಿ.